ಗರಟೆಯೊಳಗಿನ ಸೋಪು

ನಮ್ಮ ಮನೆಯಲ್ಲಿ ಸೋಪು ಮೂರಿದ್ದವು. ಬಚ್ಚಲಿನ ಗೂಡಿನಲ್ಲಿ ಮನೆಮಂದಿಯೆಲ್ಲ ಮೈಗೆ ಹಚ್ಚುವ ಕೆಂಪು ಸೋಪು. ಅಮ್ಮನ ಟ್ರಂಕಿನೊಳಗೆ, ಸೀರೆಗಳ ಮಡಿಕೆಯಲ್ಲಿ, ನೆಂಟರು ಬಂದರೆ ಮಾತ್ರ ಹೊರಬೀಳುವ ಮೈಸೂರು ಸ್ಯಾಂಡಲ್. ಮೂರನೆಯದು ಅಂಗಳದಾಚೆ, ಅಡಿಕೆ ದಬ್ಬೆಯಿಂದ ಅಬ್ಬಿ ನೀರು ಬೀಳುವಲ್ಲಿ, ಕಲ್ಲಿನ ಮೇಲೊಂದು ತೆಂಗಿನ ಗರಟೆಯಲ್ಲಿ ಇರುತ್ತಿತ್ತು. ಅದು ಬಟ್ಟೆ ಸೋಪಿನ ತುಂಡು, ತೋಟದ ಕೆಲಸಕ್ಕೆ ಬರುವವರು ಕೈಕಾಲು ತೊಳೆಯಲಿಕ್ಕೆ ಇಟ್ಟದ್ದು. ಮುಟ್ಟಬೇಡ ಎಂದು ನನಗೆ ಯಾರೂ ಹೇಳಿರಲಿಲ್ಲ. ತೀರ್ಥಹಳ್ಳಿ ಕಡೆಯ ನಮ್ಮಂಥ ಮನೆಗಳಲ್ಲಿ ಇಂಥದ್ದನ್ನು ಹೇಳಿಕೊಡುವ ಪದ್ಧತಿಯಿಲ್ಲ. ಹೇಳದೆಯೇ ತಿಳಿಯಬೇಕು.

ನನಗೆ ತಿಳಿದಿರಲಿಲ್ಲ. ಅಥವಾ ತಿಳಿದೂ ಮರೆತಿದ್ದೆ. 1973ರ ಆಸುಪಾಸು, ನನಗೆ ಏಳು ವರ್ಷ. ಕೆಸರಿನಲ್ಲಿ ಆಡಿ ಬಂದವಳು ಸೀದಾ ಅಬ್ಬಿ ನೀರಿಗೆ ಕೈಯೊಡ್ಡಿ, ಗರಟೆಯ ಸೋಪನ್ನು ಎತ್ತಿ ತಿಕ್ಕಿಕೊಂಡೆ. ಜಗಲಿಯ ಮೇಲೆ ಬತ್ತಿ ಹೊಸೆಯುತ್ತಿದ್ದ ಅಜ್ಜಿ ಕಂಡರು. ಬೈಯಲಿಲ್ಲ. "ಒಳಗೆ ಬರಬೇಡ, ಅಲ್ಲೇ ನಿಲ್ಲು" ಎಂದಷ್ಟೇ ಹೇಳಿ, ಅಮ್ಮನನ್ನು ಕರೆದು, ತಲೆಯ ಮೇಲೆ ಎರಡು ಕೊಡ ತಣ್ಣೀರು ಹೊಯ್ಸಿದರು. ಕೈ ತೊಳೆದ ತಪ್ಪಿಗೆ ಸ್ನಾನ ಮಾಡಿಸಿಕೊಂಡವಳು ಆ ಊರಿಗೆಲ್ಲ ನಾನೊಬ್ಬಳೇ ಇರಬೇಕು.

ಸೋಪಿನ ಎದುರು ನಿಂತಾಗಲೆಲ್ಲ ನನಗೆ ಆ ಎರಡು ಕೊಡ ನೀರು ನೆನಪಾಗುತ್ತದೆ. ಮೂವತ್ತು ವರ್ಷ ಪಿಯು ಕಾಲೇಜಿನಲ್ಲಿ ರಸಾಯನಶಾಸ್ತ್ರ ಪಾಠ ಹೇಳಿದ್ದೇನೆ. ಸೋಪಿನ ಅಣುವಿಗೆ ತಲೆ ಒಂದು, ಬಾಲ ಒಂದು. ತಲೆಗೆ ನೀರು ಬೇಕು, ಬಾಲಕ್ಕೆ ಜಿಡ್ಡು ಬೇಕು ಎಂದು ಬೋರ್ಡಿನ ಮೇಲೆ ಗೊದಮೊಟ್ಟೆ ಬರೆಯುವಾಗಲೂ ಅದೇ ನೆನಪು. ಜಿಡ್ಡನ್ನು ಬಿಡಿಸುವ ವಸ್ತುವಿಗೇ ಮನುಷ್ಯನ ಮೈಲಿಗೆ ಅಂಟಿಕೊಂಡು ಬಿಡುತ್ತದಲ್ಲ, ಅದು ಯಾವ ಸಮೀಕರಣಕ್ಕೂ ಒಗ್ಗದು.

ಅಜ್ಜಿಗೆ ಸೋಪಿನ ಮೇಲೆ ಮೊದಲಿನಿಂದಲೂ ನಂಬಿಕೆಯಿರಲಿಲ್ಲ. "ಯಾವ ದನದ ಕೊಬ್ಬೋ ಎಂತದೋ" ಎನ್ನುತ್ತಿದ್ದರು. ಮೈಗೆ ಕಡಲೆಹಿಟ್ಟು, ತಲೆಗೆ ಸೀಗೆಪುಡಿ, ಚಿನ್ನದ ಸರಕ್ಕೆ ಅಂಟುವಾಳ ಕಾಯಿ, ಪಾತ್ರೆಗೆ ಒಲೆಯ ಬೂದಿ. ನಾವು ನಗುತ್ತಿದ್ದೆವು. 1983ರಲ್ಲಿ ವನಸ್ಪತಿಗೆ ದನದ ಕೊಬ್ಬು ಬೆರೆಸಿದ್ದಾರೆಂದು ದೇಶವೆಲ್ಲ ಗಲಾಟೆಯೆದ್ದು ಪತ್ರಿಕೆಗಳಲ್ಲಿ ದಿನವೂ ಅದೇ ಸುದ್ದಿಯಾದಾಗ, ಅಜ್ಜಿ ಪೇಪರನ್ನು ಅಪ್ಪಯ್ಯನ ಕೈಯಲ್ಲಿ ಎರಡು ಸಲ ಓದಿಸಿ, ಏನೂ ಮಾತಾಡದೆ ನಮ್ಮನ್ನೆಲ್ಲ ಒಂದು ಸುತ್ತು ನೋಡಿದರು. ಆ ನೋಟಕ್ಕೆ ಉತ್ತರವಿರಲಿಲ್ಲ. ಆ ಕಾಲದ ಎಷ್ಟೋ ಸೋಪುಗಳಲ್ಲಿ ಪ್ರಾಣಿಯ ಕೊಬ್ಬು ಇದ್ದದ್ದು ನಿಜವೇ.

ಅಜ್ಜಿಗೆ ಗೊತ್ತಿಲ್ಲದ ಒಂದು ಸಂಗತಿ ಇತ್ತು. ಎಣ್ಣೆ ಹಿಡಿದ ಬಾಣಲೆಗೆ ಬಿಸಿ ಬೂದಿ ಸುರಿದು, ನೀರು ಚಿಮುಕಿಸಿ, ತೆಂಗಿನ ನಾರಿನಲ್ಲಿ ಉಜ್ಜುವಾಗ ಅವರು ತಯಾರಿಸುತ್ತಿದ್ದದ್ದು ಅರೆಬರೆ ಸೋಪನ್ನೇ. ಬೂದಿಯಲ್ಲಿರುವುದು ಪೊಟ್ಯಾಸಿಯಂ ಕ್ಷಾರ. ಅದು ಎಣ್ಣೆಯ ಜೊತೆ ಸೇರಿದರೆ ಸಾಬೂನು. ಕಾಸ್ಟಿಕ್ ಸೋಡದಿಂದ ಮಾಡಿದರೆ ಸೋಪು ಗಟ್ಟಿಯಾಗುತ್ತದೆ, ಪೊಟ್ಯಾಷಿನಿಂದ ಮಾಡಿದರೆ ಮೆತ್ತಗೆ, ಲೋಳೆಲೋಳೆಯಾಗಿ ಉಳಿಯುತ್ತದೆ. ಹಾಗೆ ನೋಡಿದರೆ ನಮ್ಮ ಮನೆಗೆ ದ್ರವಸೋಪು ಮೊದಲು ತಂದವರು ಅಜ್ಜಿ. ಇದನ್ನು ಅವರಿಗೆ ಹೇಳುವ ಧೈರ್ಯ ನನಗೆ ಕೊನೆಯವರೆಗೂ ಬರಲಿಲ್ಲ.

ಮೈಸೂರು ಸ್ಯಾಂಡಲ್ ಮಾತ್ರ ಅಜ್ಜಿಯ ಅನುಮಾನದಿಂದ ಪಾರಾಗಿತ್ತು. ಅದು ಮಹಾರಾಜರ ಸೋಪು. ಮೊದಲ ಮಹಾಯುದ್ಧದಲ್ಲಿ ಯುರೋಪಿಗೆ ಶ್ರೀಗಂಧ ಕಳಿಸುವ ದಾರಿ ಮುಚ್ಚಿ, ಸಂಸ್ಥಾನದಲ್ಲಿ ಮರ ರಾಶಿ ಬಿದ್ದಾಗ, ನಾಲ್ವಡಿ ಕೃಷ್ಣರಾಜ ಒಡೆಯರೂ ದಿವಾನ್ ವಿಶ್ವೇಶ್ವರಯ್ಯನವರೂ ಅದನ್ನು ಇಲ್ಲೇ ಬಟ್ಟಿಯಿಳಿಸುವ ಏರ್ಪಾಡು ಮಾಡಿದರು. 1916ರಲ್ಲಿ ಬೆಂಗಳೂರಿನಲ್ಲಿ ಸರ್ಕಾರದ ಸೋಪು ಕಾರ್ಖಾನೆ ಶುರುವಾಯಿತು. ಎಸ್.ಜಿ. ಶಾಸ್ತ್ರಿಗಳು ಲಂಡನ್ನಿಗೆ ಹೋಗಿ ಸೋಪಿನ ವಿದ್ಯೆ ಕಲಿತು ಬಂದರು. ಉಳಿದವೆಲ್ಲ ಚೌಕವಿದ್ದಾಗ ಇದನ್ನು ಮೊಟ್ಟೆಯಾಕಾರದಲ್ಲಿ ಮಾಡಿದರು, ಆನೆಯ ತಲೆ ಸಿಂಹದ ಮೈಯ ಶರಭವನ್ನು ಗುರುತಾಗಿಟ್ಟರು. ನನಗೆ ಆ ಆಕಾರದಿಂದಾಗಿಯೇ ಅದು ಸೋಪು ಅನ್ನಿಸುತ್ತಿರಲಿಲ್ಲ, ದೇವರ ಮನೆಯ ಸಾಮಾನು ಅನ್ನಿಸುತ್ತಿತ್ತು. ಅಮ್ಮ ಪೆಟ್ಟಿಗೆ ಬಿಚ್ಚಿದ ಮೇಲೂ ಖಾಲಿ ಪೆಟ್ಟಿಗೆಯನ್ನು ಸೀರೆಗಳ ನಡುವೆ ಉಳಿಸುತ್ತಿದ್ದರು. ನೆಂಟರು ಹೋದ ಮರುದಿನ ಒದ್ದೆ ಸೋಪನ್ನು ಒರೆಸಿ, ಒಣಗಿಸಿ, ಮತ್ತೆ ಅದೇ ಪೆಟ್ಟಿಗೆಗೆ. ಬೆಂಗಳೂರಿನ ಮಾವ ಹಚ್ಚಿಕೊಂಡ ಸೋಪನ್ನು ಆರು ತಿಂಗಳ ಮೇಲೆ ಶಿವಮೊಗ್ಗದ ಚಿಕ್ಕಮ್ಮ ಹಚ್ಚಿಕೊಳ್ಳುತ್ತಿದ್ದರು. ಅಲ್ಲಿ ಯಾರಿಗೂ ಯಾವ ಮೈಲಿಗೆಯೂ ತಟ್ಟುತ್ತಿರಲಿಲ್ಲ.

ಬಚ್ಚಲಿನ ಕೆಂಪು ಸೋಪು ಬೇಗ ಸವೆಯಬಾರದೆಂದು ಅಮ್ಮ ಅದನ್ನು ಹೂ ಕಟ್ಟುವ ದಾರದಲ್ಲಿ ಕೊಯ್ಯುತ್ತಿದ್ದರು. ದಾರದ ಒಂದು ತುದಿ ಹಲ್ಲಿನಲ್ಲಿ, ಇನ್ನೊಂದು ಎಡಗೈ ಬೆರಳಿಗೆ ಸುತ್ತಿ, ಬಲಗೈಯ ಸೋಪನ್ನು ಮೆಲ್ಲಗೆ ಒತ್ತಿದರೆ ಬೆಣ್ಣೆಯಂತೆ ಎರಡು ಹೋಳು. ಕೊಯ್ದ ಮುಖ ಎಷ್ಟು ನುಣುಪಾಗಿರುತ್ತಿತ್ತೆಂದರೆ ಕೆನ್ನೆಗೆ ಒತ್ತಿಕೊಳ್ಳಬೇಕು ಅನ್ನಿಸುತ್ತಿತ್ತು. ಅರ್ಧ ಗೂಡಿಗೆ, ಅರ್ಧ ಅಟ್ಟಕ್ಕೆ. ಸವೆದು ಹುಣಸೆ ಬೀಜದಷ್ಟಾದ ಚೂರನ್ನು ಎಸೆಯುವ ಹಾಗಿಲ್ಲ, ಹೊಸ ಸೋಪಿನ ಬೆನ್ನಿಗೆ ಒತ್ತಿ ಅಂಟಿಸಬೇಕು. ಎರಡು ದಿನ ಅದು ಅಮ್ಮನ ಬೆನ್ನೇರಿದ ಮಗುವಿನ ಹಾಗೆ ಇದ್ದು, ಆಮೇಲೆ ಯಾವುದು ಹಳತು ಯಾವುದು ಹೊಸತು ಗೊತ್ತಾಗುತ್ತಿರಲಿಲ್ಲ. ಈ ಲೆಕ್ಕದಲ್ಲಿ ನಮ್ಮ ಮನೆಯ ಕೆಂಪು ಸೋಪು ಮುಗಿದದ್ದೇ ಇಲ್ಲ. 1960ರ ದಶಕದಲ್ಲಿ ಶುರುವಾದದ್ದು ನಾನು ಊರು ಬಿಡುವವರೆಗೂ ಒಂದೇ ಸೋಪು.

ಬೆಂಗಳೂರಿಗೆ ಬಂದ ಮೊದಲ ದಿನ ಹಾಸ್ಟೆಲಿನ ಬಚ್ಚಲಲ್ಲಿ ನಾನು ಸೋಪು ತಿಕ್ಕಿದೆ, ತಿಕ್ಕಿದೆ, ನೊರೆಯೇ ಬರಲಿಲ್ಲ. ಮೈಮೇಲೆ ಬಿಳಿ ಸುಣ್ಣದ ಪೊರೆಯಂಥದ್ದೇನೋ ಕೂತಿತು. ಸೋಪೇ ಖೋಟಾ ಎಂದು ಊರಿನ ಅಂಗಡಿಯವನಿಗೆ ಮನಸ್ಸಿನಲ್ಲೇ ಶಾಪ ಹಾಕಿದೆ. ತಪ್ಪು ಸೋಪಿನದಲ್ಲ, ಬೋರ್‌ವೆಲ್ ನೀರಿನದು. ಅದರ ಕ್ಯಾಲ್ಸಿಯಂ, ಮೆಗ್ನೀಷಿಯಂ ಸೋಪಿನ ಕೈ ಹಿಡಿದು ಕರಗದ ಗಸಿಯಾಗಿ ಕೂರುತ್ತದೆ, ನೊರೆಗೆ ಸೋಪು ಉಳಿಯುವುದೇ ಆ ಗಸಿ ಮುಗಿದ ಮೇಲೆ. ಊರಿನಲ್ಲಿ ಇದಕ್ಕೆ ತದ್ವಿರುದ್ಧದ ತಾಪತ್ರಯ. ಅಬ್ಬಿ ನೀರು ಮಳೆನೀರಿನಷ್ಟು ಮೆದು, ಸೋಪು ಹಚ್ಚಿದರೆ ಎಷ್ಟು ಹೊಯ್ದುಕೊಂಡರೂ ಜಾರು ಹೋಗುವುದಿಲ್ಲ. ರಜೆಗೆ ಬಂದ ಬೆಂಗಳೂರಿನ ಮಕ್ಕಳು "ಸೋಪೇ ಹೋಗ್ತಿಲ್ಲ ದೊಡ್ಡಮ್ಮಾ" ಎಂದು ಬಚ್ಚಲಿನಿಂದ ಕೂಗುತ್ತಿದ್ದರು.

ದ್ರವಸೋಪಿನ ನಿಜವಾದ ಗುಣ ಇರುವುದು ಇಲ್ಲಿ ಎಂದು ನನ್ನ ಅಭಿಪ್ರಾಯ. ನಾವು ಹ್ಯಾಂಡ್‌ವಾಶ್ ಎನ್ನುವ ಬಾಟಲಿಯಲ್ಲಿ ಹೆಚ್ಚಿನ ಸಲ ಇರುವುದು ಸೋಪೇ ಅಲ್ಲ. ಎಣ್ಣೆ-ಕ್ಷಾರದ ಸಂಸಾರದಿಂದ ಹುಟ್ಟಿದ್ದಲ್ಲ ಅದು, ಬಟ್ಟೆಯ ಪುಡಿಯ, ಶ್ಯಾಂಪೂವಿನ ದಾಯಾದಿ. ಗಡಸು ನೀರಿನಲ್ಲೂ ನೊರೆ ಕೊಡುತ್ತದೆ, ಗಸಿ ಕಟ್ಟುವುದಿಲ್ಲ. ಸೋಪು ಕ್ಷಾರ, ಚರ್ಮಕ್ಕೆ ಒಗ್ಗುವುದು ಸ್ವಲ್ಪ ಹುಳಿ; ದ್ರವವನ್ನು ಆ ಹದಕ್ಕೆ ತರಬಹುದು, ನಿಜಸೋಪನ್ನು ತಂದರೆ ಅದು ಸೋಪಾಗಿ ಉಳಿಯದು. ಬೆಂಗಳೂರಿನ ನೀರಿಗೆ, ಒಣಚರ್ಮದವರಿಗೆ ಬಾಟಲಿ ಒಳ್ಳೆಯದು ಎಂದರೆ ನಾನು ಒಪ್ಪುತ್ತೇನೆ. ಆದರೆ ಮಾರುವವರು ಅದನ್ನು ಹೇಳುವುದಿಲ್ಲ. ಅವರು ಹೇಳುವುದು ಬೇರೆ: ಇದನ್ನು ಇನ್ನೊಬ್ಬರು ಮುಟ್ಟಿಲ್ಲ.

ಬಾಟಲಿಗೆ ಪಂಪು ಕೂಡಿಸಿ ಮನೆಮನೆಗೆ ಮುಟ್ಟಿಸಿದವರು ಅಮೆರಿಕದ ಮಿನ್ನೆಸೋಟದ ರಾಬರ್ಟ್ ಟೇಲರ್. 1980ರಲ್ಲಿ ಅವರ ಸಾಫ್ಟ್‌ಸೋಪ್ ದೇಶದಾದ್ಯಂತ ಮಾರಾಟಕ್ಕೆ ಬಂತು. ದೊಡ್ಡ ಕಂಪನಿಗಳು ನಕಲು ಮಾಡಿಬಿಟ್ಟರೆ ಎಂಬ ಹೆದರಿಕೆಗೆ ಟೇಲರ್ ಮಾಡಿದ ಉಪಾಯ ನನಗೆ ತುಂಬ ಇಷ್ಟ. ಸೋಪಿಗೆ ಪೇಟೆಂಟ್ ಸಿಗದು. ಸರಿ, ಪಂಪು ಮಾಡುವ ಕಾರ್ಖಾನೆಗಳೇ ಎರಡೋ ಮೂರೋ ಇದ್ದವಲ್ಲ, ಹತ್ತು ಕೋಟಿ ಪಂಪಿಗೆ ಒಟ್ಟಿಗೇ ಆರ್ಡರ್ ಕೊಟ್ಟು ಬಿಟ್ಟರು. ಉಳಿದವರಿಗೆ ಸೋಪಿದ್ದರೂ ಪಂಪಿಲ್ಲ. ನಮ್ಮ ಕಡೆ ಅಡಿಕೆ ಮಂಡಿಯಲ್ಲಿ ಇಂಥ ಬುದ್ಧಿವಂತರು ಬೇಕಾದಷ್ಟಿದ್ದಾರೆ, ಅವರಿಗೆ ಸೋಪಿನ ಕಡೆ ಗಮನ ಹೋಗಲಿಲ್ಲ ಅಷ್ಟೆ.

2020ರ ಮಾರ್ಚ್‌ನಲ್ಲಿ ಲಾಕ್‌ಡೌನ್ ಆಗುವ ಎರಡು ದಿನ ಮೊದಲು ನಾನು ಊರಿಗೆ ಹೋದವಳು ಜೂನ್‌ವರೆಗೆ ಅಲ್ಲೇ ಉಳಿದೆ. ಅಜ್ಜಿ ತೀರಿ ದಶಕಗಳಾಗಿತ್ತು, ಅಮ್ಮನಿಗೆ ಎಂಬತ್ತು ದಾಟಿತ್ತು. ನನ್ನ ಬ್ಯಾಗಿನಲ್ಲಿ ನಾಲ್ಕು ಬಾಟಲಿ ಹ್ಯಾಂಡ್‌ವಾಶ್. ಒಂದನ್ನು ಹಿತ್ತಲ ಬಾಗಿಲ ಬಳಿಯ ನಲ್ಲಿಗೆ ಇಟ್ಟು, ಅಮ್ಮನಿಗೆ ಇಪ್ಪತ್ತು ಸೆಕೆಂಡಿನ ಪಾಠ ಮಾಡಿದೆ. ಅಮ್ಮ ಒಂದು ಸಲ ಒತ್ತಿ, ಅಂಗೈಯಲ್ಲಿ ಬಿದ್ದದ್ದನ್ನು ಮೂಸಿ, "ಎಂತ ಮಾರಾಯ್ತಿ, ಇದು ತಲೆಗೆ ಹಾಕ್ಕೊಳೋದಲ್ವನೇ?" ಎಂದರು.

"ಕೈಗೇ ಅಮ್ಮ."

"ಎಷ್ಟು ಖರ್ಚಾಯ್ತು ಅಂತ ಗೊತ್ತಾಗೋದು ಹೆಂಗೆ?"

ನಾನು ಪಾಠದಲ್ಲಿ ಯೋಚಿಸದಿದ್ದ ಪ್ರಶ್ನೆ ಅದು. ಬಿಲ್ಲೆ ಸೋಪು ತನ್ನ ಲೆಕ್ಕವನ್ನು ಮೈಮೇಲೇ ಬರೆದುಕೊಂಡಿರುತ್ತದೆ. ಮೊದಲು ಅಕ್ಷರ ಅಳಿಸುತ್ತದೆ, ಆಮೇಲೆ ಅಂಚು, ಆಮೇಲೆ ನಡು. ನೋಡಿದವರಿಗೆ ಈ ತಿಂಗಳು ಎಷ್ಟು ದಿನ ಉಳಿದಿದೆ ಎಂದು ಗೊತ್ತಾಗುತ್ತದೆ. ಪಂಪು ಹಾಗಲ್ಲ, ಒತ್ತಿದಷ್ಟೂ ಕೊಡುತ್ತದೆ, ಒಂದು ಬೊಟ್ಟು ಸಾಕಾದಲ್ಲಿ ಒಂದು ಚಮಚ ಬೀಳುತ್ತದೆ. ಲೆಕ್ಕ ತಪ್ಪುವ ವಸ್ತುವನ್ನು ಅಮ್ಮ ನಂಬಿದವರಲ್ಲ. ತಮ್ಮದೇ ದಾರಿ ಹುಡುಕಿಕೊಂಡರು. ವಾರ ಕಳೆಯುವುದರೊಳಗೆ ಬಾಟಲಿಗೆ ನೀರು ಬೆರೆಸಿದ್ದರು.

ಮೊದಲ ವಾರ ನನಗೆ ಗೊತ್ತಾಗಲಿಲ್ಲ. ಬಾಟಲಿ ಯಾವಾಗಲೂ ತುಂಬಿಯೇ ಇರುವುದನ್ನು ಕಂಡು ಅಮ್ಮ ಕೈ ತೊಳೆಯುತ್ತಿಲ್ಲವೇನೋ ಎಂದು ರೇಗಿದೆ. ಆಮೇಲೆ ದ್ರವ ತೆಳ್ಳಗಾಯಿತು, ಪಂಪಿನಿಂದ ಪಿಚಕಾರಿಯಂತೆ ಹಾರಿ ಒಮ್ಮೆ ನನ್ನ ಕಣ್ಣಿಗೇ ಬಿತ್ತು. ಮೇ ತಿಂಗಳ ಕೊನೆಗೆ, ಒಂದು ಬೆಳಗ್ಗೆ ಒತ್ತಿದರೆ ಹಳಸಿದ ಗಂಜಿಯ ವಾಸನೆ. ಬೆಳಕಿಗೆ ಹಿಡಿದು ನೋಡಿದರೆ ತಳದಲ್ಲಿ ಮೋಡದಂಥ ಎಳೆ ತೇಲುತ್ತಿತ್ತು. ಕ್ರಿಮಿ ಕಳೆಯಲೆಂದು ತಂದ ಬಾಟಲಿಯಲ್ಲೇ ಕ್ರಿಮಿ ಸಂಸಾರ ಹೂಡಿತ್ತು.

ರಸಾಯನಶಾಸ್ತ್ರದ ಮೇಷ್ಟ್ರಿಗೆ ಇದು ಮೊದಲೇ ಹೊಳೆಯಬೇಕಿತ್ತು. ಹ್ಯಾಂಡ್‌ವಾಶಿನಲ್ಲಿ ಬಹುಪಾಲು ನೀರು. ನೀರಿದ್ದಲ್ಲಿ ಸೂಕ್ಷ್ಮಜೀವಿ ಬೆಳೆಯುತ್ತದೆ, ಅದಕ್ಕೇ ಕೆಡದಂತೆ ಕಾಯುವ ರಾಸಾಯನಿಕವನ್ನು ಅಳೆದು ಹಾಕಿರುತ್ತಾರೆ. ನೀರಿಗೆ ಮತ್ತೆ ನೀರು ಹೊಯ್ದರೆ ಆ ಕಾವಲು ತೆಳುವಾಗುತ್ತದೆ. ಗಟ್ಟಿ ಸೋಪಿನಲ್ಲಿ ನೀರು ಕಡಿಮೆ, ಕ್ಷಾರ ಹೆಚ್ಚು; ಅದು ಒಣಗುವ ಹಾಗಿಟ್ಟರೆ ಅದಕ್ಕೆ ಕಾವಲೇ ಬೇಡ.

ಆ ದಿನಗಳಲ್ಲಿ ಮಾಡಲು ಬೇರೆ ಕೆಲಸವಿರಲಿಲ್ಲ. ಗುಡ್ಡದ ತುದಿಗೆ ಹೋಗಿ ನಿಂತರೆ ಫೋನಿಗೆ ಸಿಗ್ನಲ್ ಸಿಗುತ್ತಿತ್ತು, ಅಲ್ಲಿ ಕೂತು ಓದಿದೆ. ಬಿಲ್ಲೆ ಸೋಪಿನಿಂದ ಒಬ್ಬರ ರೋಗಾಣು ಇನ್ನೊಬ್ಬರಿಗೆ ದಾಟುತ್ತದೆಯೇ ಎಂದು ಪರೀಕ್ಷಿಸಿದವರಿದ್ದಾರೆ. 1988ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ ಸೋಪಿನ ಬಿಲ್ಲೆಗಳಿಗೆ ಬೇಕೆಂದೇ ಬ್ಯಾಕ್ಟೀರಿಯಾ ಬಳಿದು, 16 ಜನರ ಕೈಗೆ ಕೊಟ್ಟು ತೊಳೆಸಿದರು. ಬಳಸಿದ ಸೋಪಿನಲ್ಲಿ ಸಾಮಾನ್ಯವಾಗಿ ಇರುವುದಕ್ಕಿಂತ ಹಲವು ಪಟ್ಟು ಹೆಚ್ಚು ಬಳಿದಿದ್ದರು. ತೊಳೆದ ಮೇಲೆ 16 ಜನರಲ್ಲಿ ಒಬ್ಬರ ಕೈಯಲ್ಲೂ ಆ ಬ್ಯಾಕ್ಟೀರಿಯಾ ಪತ್ತೆಯಾಗಲಿಲ್ಲ. ಸೋಪಿನ ಮೇಲೆ ಕೂತದ್ದು ಸೋಪಿನ ಜೊತೆಗೇ ನೀರಿಗೆ ಹೋಯಿತು. ಇನ್ನೊಂದು, 2011ರದ್ದು, ಅಮೆರಿಕದ ಒಂದು ಪ್ರಾಥಮಿಕ ಶಾಲೆಯದು. ಅಲ್ಲಿ ಗೋಡೆಗೆ ಹಾಕಿದ್ದ, ಮತ್ತೆ ಮತ್ತೆ ತುಂಬಿಸುವ ದ್ರವಸೋಪಿನ ಡಬ್ಬಗಳೇ ಕೆಟ್ಟಿದ್ದವು. ಮಕ್ಕಳೂ ಮೇಷ್ಟ್ರೂ ಕೈ ತೊಳೆದ ಮೇಲೆ, ತೊಳೆಯುವ ಮೊದಲಿಗಿಂತ ಒಂದು ಜಾತಿಯ ಬ್ಯಾಕ್ಟೀರಿಯಾ ಅವರ ಕೈಯಲ್ಲಿ 26 ಪಟ್ಟು ಹೆಚ್ಚಿತ್ತು.

ಗುಡ್ಡದ ಮೇಲೆ ಕೂತು ನಾನು ಜೋರಾಗಿ ನಕ್ಕೆ. ದನ ಮೇಯಿಸುತ್ತಿದ್ದ ಹುಡುಗ ತಿರುಗಿ ನೋಡಿದ.

ವಿಶ್ವ ಆರೋಗ್ಯ ಸಂಸ್ಥೆ 2009ರ ಕೈಪಿಡಿಯಲ್ಲಿ ಆಸ್ಪತ್ರೆಗಳಿಗೆ ಹೇಳಿದ ಮಾತನ್ನು ಓದಿದಾಗ ಮಾತ್ರ ನಗು ಬರಲಿಲ್ಲ. ಬಿಲ್ಲೆ ಸೋಪು ಬಳಸುವುದಾದರೆ ಸಣ್ಣ ತುಂಡುಗಳನ್ನು ಬಳಸಿ, ನೀರು ಬಸಿದುಹೋಗುವ ತಟ್ಟೆಯಲ್ಲಿಡಿ ಎಂದಿದೆ ಅದರಲ್ಲಿ. ಬಚ್ಚಲಿನ ಗೂಡಿನಲ್ಲಿ ನಮ್ಮ ಕೆಂಪು ಸೋಪು ಸದಾ ತನ್ನದೇ ಲೋಳೆಯಲ್ಲಿ ಕೂತಿರುತ್ತಿತ್ತು, ಎತ್ತಿದರೆ ಬೆರಳಿಗೆ ಅಂಟುವ ಹಾಗೆ. ಅಬ್ಬಿಯ ಬಳಿಯ ಗರಟೆಗೆ ಕಣ್ಣಿತ್ತು. ತೆಂಗಿನಕಾಯಿಯ ಮೂರು ಕಣ್ಣಿನಲ್ಲಿ ಒಂದು ಮೆದು ಅಲ್ಲವೆ, ಅದು ಒಡೆದು ತೂತಾಗಿ, ನೀರೆಲ್ಲ ಬಸಿದು, ಆ ತುಂಡು ಯಾವಾಗಲೂ ಒಣಗಿ ಬಿರುಕು ಬಿಟ್ಟಿರುತ್ತಿತ್ತು. ನಮ್ಮ ಮನೆಯ ಮೂರು ಸೋಪಿನಲ್ಲಿ ಎಲ್ಲಕ್ಕಿಂತ ಶುಚಿಯಾದದ್ದನ್ನು ಮುಟ್ಟಿದ್ದಕ್ಕೆ ನನ್ನ ತಲೆಯ ಮೇಲೆ ನೀರು ಹೊಯ್ದಿದ್ದರು.

ಅಂದ ಹಾಗೆ ಆ ಸೋಪನ್ನು ಯಾರಿಗೆಂದು ಅಲ್ಲಿಡುತ್ತಿದ್ದರೋ ಅವರಿಗೂ ಅದು ಹೆಚ್ಚು ಉಪಯೋಗಕ್ಕೆ ಬರುತ್ತಿರಲಿಲ್ಲ ಎಂಬುದು ನನಗೆ ಬಹಳ ತಡವಾಗಿ ತಿಳಿಯಿತು. ಕೊಯ್ಲಿನ ಕಾಲದಲ್ಲಿ ರಾತ್ರಿ ಹತ್ತರವರೆಗೂ ಅಂಗಳದ ಚಪ್ಪರದಲ್ಲಿ ಹೆಂಗಸರು ಮೆಟ್ಟುಗತ್ತಿಯ ಮೇಲೆ ಕೂತು ಹಸಿ ಅಡಿಕೆ ಸುಲಿಯುತ್ತಿದ್ದರು. ಅಡಿಕೆಯ ಚೊಗರು ಕತ್ತಿಯ ಕಬ್ಬಿಣಕ್ಕೆ ಸೇರಿ ಕೈ ಮಸಿ ಬಳಿದ ಹಾಗೆ ಕಪ್ಪಾಗುತ್ತದೆ. ಹಿಂದಿನವರು ಬರೆಯುವ ಶಾಯಿ ಮಾಡುತ್ತಿದ್ದದ್ದೂ ಇದೇ ಕ್ರಮದಲ್ಲಿ, ಒಗರು ಮತ್ತು ಕಬ್ಬಿಣ ಕೂಡಿಸಿ. ಸೋಪಿನ ಕ್ಷಾರ ತಾಗಿದರೆ ಆ ಕಪ್ಪು ಇನ್ನೂ ಗಾಢವಾಗುತ್ತದೆ, ಹೋಗುವುದಿಲ್ಲ. ಅದಕ್ಕೆ ಹುಳಿ ಬೇಕು. ಅವರಿಗೆ ಅದು ಗೊತ್ತಿತ್ತು. ಹೊರಡುವ ಮೊದಲು ಬೇಲಿಯಂಚಿನ ಗಿಡದಿಂದ ನಿಂಬೆ ಕಿತ್ತು, ಕಲ್ಲಿಗೆ ಜಜ್ಜಿ, ಸಿಪ್ಪೆಸಮೇತ ಉಜ್ಜಿಕೊಳ್ಳುತ್ತಿದ್ದರು. ಗರಟೆಯ ಸೋಪು ಕಾಲಿನ ಕೆಸರಿಗೆ ಮಾತ್ರ.

ಕಳೆದ ಡಿಸೆಂಬರ್‌ನಲ್ಲಿ ಊರಿಗೆ ಹೋಗಿದ್ದೆ. ಅಮ್ಮ ಇಲ್ಲ ಈಗ. ತಮ್ಮ ಮನೆಯನ್ನು ಚೆನ್ನಾಗಿಟ್ಟಿದ್ದಾನೆ, ಒಳಗೆಲ್ಲ ಟೈಲ್ಸು, ಬೇಸಿನ್ನಿನ ಮೇಲೆ ಪಂಪಿನ ಬಾಟಲಿ. ಅಡಿಕೆ ಸುಲಿಯಲು ಮಷೀನು ಬಂದಿದೆ, ಆದರೂ ಮೊದಲ ಕೊಯ್ಲಿಗೆ ಇಬ್ಬರು ಮೂವರು ಹೆಂಗಸರು ಬರುತ್ತಾರೆ. ಅಬ್ಬಿಯ ದಬ್ಬೆ ಹೋಗಿ ಪೈಪು ಆಗಿದೆ, ಅದರ ಬಳಿಯೂ ಒಂದು ಬಾಟಲಿ. ಒಳಗಿನದ್ದೇ ಕಂಪನಿ, ಒಳಗಿನದ್ದೇ ಬಣ್ಣ. ನನಗೆ ಸಂತೋಷವಾಯಿತು. ಒತ್ತಿದೆ. ಪಿಚಕಾರಿಯಂತೆ ಹಾರಿತು.

ಒಳಗೆ ಹೋಗಿ ತಮ್ಮನ ಹೆಂಡತಿಯನ್ನು ಕೇಳಿದೆ. "ಅದು ಹೊರಗಡೆದು ಅತ್ತಿಗೆ," ಎಂದಳು ಪಾಪ, ಅದರಲ್ಲಿ ಕೇಳುವಂಥದ್ದೇನಿದೆ ಎಂಬ ಹಾಗೆ. "ಒಳಗಿಂದು ಖಾಲಿ ಆಗ್ತಾ ಬಂದ ಮೇಲೆ ನೀರು ಹಾಕಿ ಅಲ್ಲಿಡದು."

ಅಮ್ಮನ ಟ್ರಂಕು ಅಟ್ಟದಲ್ಲಿತ್ತು. ತೆಗೆದರೆ ಸೀರೆಗಳಿಲ್ಲ, ಒಂದು ಹಸಿರು-ಕೆಂಪಿನ ಪೆಟ್ಟಿಗೆ ಇತ್ತು, ಒಳಗೆ ಬಿಚ್ಚದ ಸೋಪು. ಬಣ್ಣ ಸ್ವಲ್ಪ ಕಂದಿತ್ತು, ಪರಿಮಳ ಹೋಗಿರಲಿಲ್ಲ. ದಾರ ಹುಡುಕಿ ಕೊಯ್ಯಲು ನೋಡಿದೆ. ವರ್ಷಗಟ್ಟಲೆ ಒಣಗಿದ್ದು, ಬೆಣ್ಣೆಯ ಹಾಗೆ ಎಲ್ಲಿ ಬರಬೇಕು, ಅರ್ಧಕ್ಕೆ ದಾರ ಕಿತ್ತು ಸೋಪು ಚಕ್ಕೆಯೆದ್ದಿತು. ಶರಭದ ಆನೆಸೊಂಡಿಲು ಒಂದು ಹೋಳಿಗೆ, ಬಾಲ ಇನ್ನೊಂದಕ್ಕೆ ಬಂತು. ದೊಡ್ಡ ಹೋಳನ್ನು ಕಣ್ಣಿರುವ ಗರಟೆಯೊಂದರಲ್ಲಿಟ್ಟು ಪೈಪಿನ ಬಳಿ ಕಲ್ಲಿನ ಮೇಲಿಟ್ಟೆ.

ಸಂಜೆ ಕೆಲಸ ಬಿಟ್ಟ ಹೊತ್ತಿಗೆ, ನನ್ನ ಬಾಲ್ಯದಿಂದ ಬರುತ್ತಿರುವ ಒಬ್ಬರೇ ಒಬ್ಬರು, ನನಗಿಂತ ಹತ್ತು ವರ್ಷ ಹಿರಿಯರು, ಗರಟೆ ನೋಡಿ ನಿಂತರು. ಸೋಪೆತ್ತಿ ಮೂಸಿದರು.

"ಇದು ಯಾರು ಇಟ್ಟಿದ್ದು?"

"ನಾನೇ ಅಕ್ಕ. ಕೈ ತೊಳಿರಿ ಅಂತ."

"ಇದ್ರಲ್ಲಾ? ಚೊಗರಿಗೆ?" ಅವರು ನಕ್ಕರು. "ಓದಿದೋರು ನೀವು ಸಣ್ಣಮ್ಮಾ. ಸೋಪಲ್ಲಿ ಹೋಗ್ತದಾ ಅದು?"

ಹಾಳೆಯ ಚೂರೊಂದನ್ನು ಹರಿದು ಸೋಪನ್ನು ಅದರಲ್ಲಿ ಸುತ್ತಿ ಸೆರಗಿನ ತುದಿಗೆ ಗಂಟು ಹಾಕಿಕೊಂಡರು, ಮೊಮ್ಮಗಳಿಗಂತೆ, ಶಾಲೆಗೆ ಹೋಗುವಾಗ ಹಚ್ಚಿಕೊಳ್ಳಲಿ ಎಂದು. ಆಮೇಲೆ ಬೇಲಿಯ ಹತ್ತಿರ ಹೋಗಿ ಒಂದು ನಿಂಬೆ ಕಿತ್ತು, ಕಲ್ಲಿಗೆ ಜಜ್ಜಿ, ಅರ್ಧ ನನಗೂ ಕೊಟ್ಟರು. ನನ್ನ ಕೈಯೂ ಅಂದು ಕಪ್ಪಾಗಿತ್ತು.